ದಾಟಲಾರದ ಸಾಲು

ಗುರುಬಸಮ್ಮ ಅಕ್ಷರ ಕಲಿತದ್ದು ನಲವತ್ತೈದು ದಾಟಿದ ಮೇಲೆ, ಅದೂ ಆಸ್ಪತ್ರೆಯ ಮಂಚದ ಮೇಲೆ. ಕ್ಷಯ ಹಿಡಿದು ಮೂರು ತಿಂಗಳು ಮಿಷನ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿನ ನರ್ಸಮ್ಮ ಒಬ್ಬಳು ಸಂಜೆ ಹೊತ್ತು ಪಕ್ಕದಲ್ಲಿ ಕೂತು ಸತ್ಯವೇದ ಓದಿ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಆ ಮಾತುಗಳನ್ನು ತಾನೇ ಓದಬೇಕೆಂಬ ಆಸೆ ಹುಟ್ಟಿತು. ನರ್ಸಮ್ಮ ಔಷಧದ ಚೀಟಿಗಳ ಹಿಂಬದಿಯಲ್ಲಿ ಅ ಆ ಇ ಈ ಬರೆದುಕೊಟ್ಟಳು. ಹಗರಿಬೊಮ್ಮನಹಳ್ಳಿಗೆ ಮರಳುವಾಗ ಗುರುಬಸಮ್ಮನ ಚೀಲದಲ್ಲಿ ಆರು ತಿಂಗಳ ಮಾತ್ರೆಗಳೂ ದಪ್ಪನೆಯ ಒಂದು ಪುಸ್ತಕವೂ ಇದ್ದವು. ಎದೆಯೊಳಗೆ ಯೇಸು ಇದ್ದ. ಅದನ್ನು ಅವಳು ಯಾರಿಗೂ ಸಾರಲಿಲ್ಲ, ಯಾರಿಂದಲೂ ಮುಚ್ಚಿಡಲಿಲ್ಲ.

ಗಂಡ ಏಕಾಂತಪ್ಪನದು ಬಸ್ ನಿಲ್ದಾಣದ ಪಕ್ಕ ಮಿರ್ಚಿ-ಮಂಡಕ್ಕಿ ಅಂಗಡಿ. ದಿನಾ ಬೆಳಗ್ಗೆ ಮಿಂದು, ನಡುಮನೆಯಲ್ಲಿ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿಯೇ ಅಂಗಡಿಗೆ ಹೋಗುವ ಮನುಷ್ಯ. ಹೆಂಡತಿ ಹೊಸ ದೇವರನ್ನು ಮನೆಗೆ ಕರೆತಂದಾಗ ಎರಡು ದಿನ ಮುಖ ಬಿಗಿದುಕೊಂಡಿದ್ದ. ಮೂರನೆಯ ದಿನ, ಸತ್ತೇ ಹೋಗುತ್ತಾಳೆ ಅಂದುಕೊಂಡಿದ್ದವಳು ಎದ್ದು ರೊಟ್ಟಿ ಬಡಿಯುವ ಸಪ್ಪಳ ಕೇಳಿ, ನಿನ್ನ ಪುಸ್ತಕ ನಿನಗ, ನನ್ನ ಲಿಂಗ ನನಗ ಅಂದು ಸುಮ್ಮನಾದ. ನಂಟರು ಸ್ವಲ್ಪ ದಿನ ಗೊಣಗಿ, ಆಮೇಲೆ ಅವನ ಅಂಗಡಿಯ ಮಿರ್ಚಿ ತಿಂದು ಅವರೂ ಸುಮ್ಮನಾದರು. ಹೀಗೆ ಐದು ವರ್ಷ ನಡೆದಿತ್ತು.

ಗುರುಬಸಮ್ಮ ಓದುತ್ತಿದ್ದದ್ದು ಅಡುಗೆಮನೆಯಲ್ಲಿ, ಒಲೆ ಹೊತ್ತಿಸುವ ಮೊದಲು, ಕಿಟಕಿಯಿಂದ ಬೂದುಬೆಳಕು ಹಾಳೆಯ ಮೇಲೆ ಬೀಳುವ ಹೊತ್ತಿಗೆ. ಬಲಗೈಯ ತೋರುಬೆರಳು ಅಕ್ಷರದಿಂದ ಅಕ್ಷರಕ್ಕೆ ಇರುವೆಯ ಹಾಗೆ ಹರಿಯುತ್ತಿತ್ತು. ಚೆನ್ನಾಗಿ ಓದಬಲ್ಲವರು ಸಾಲುಗಳ ಮೇಲೆ ಜಾರಿ ಹೋಗಿಬಿಡುತ್ತಾರೆ. ಅವಳಿಗೆ ಹಾಗಾಗುತ್ತಿರಲಿಲ್ಲ. ಒಂದೊಂದು ಸಾಲನ್ನೂ ಹೊಸಿಲು ದಾಟಿದಂತೆ ಕಾಲೆತ್ತಿ ದಾಟಬೇಕಿತ್ತು. ಆಮೇಲೆ ಹಿಟ್ಟು ನಾದುವಾಗ ಮನೆಮಂದಿಯ ಹೆಸರು ಹಿಡಿದು ಒಬ್ಬೊಬ್ಬರಿಗಾಗಿ ಬೇಡಿಕೊಳ್ಳುತ್ತಿದ್ದಳು.

ಎರಡು ಸಾವಿರದ ಒಂದನೆಯ ಇಸವಿಯ ಸಂಕ್ರಾಂತಿ ಕಳೆದ ವಾರ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ದೇವರ ಮುಂದೆ ಕಾಣಿಕೆ ಹಿಡಿದು ನಿಂತಾಗ, ನಿನ್ನಿಂದ ನೊಂದವರು ಇದ್ದಾರೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು ಎಂಬ ಅರ್ಥದ ಮಾತು ಅಲ್ಲಿತ್ತು. ನಾಳೆ ಮುಂದಿನದು ಓದೋಣ ಅಂದುಕೊಂಡು ಪುಸ್ತಕ ಮುಚ್ಚಿದಳು. ಮರುದಿನ ತೆರೆದರೂ ಬೆರಳು ಅಲ್ಲಿಗೇ ಹೋಯಿತು. ಅದರ ಮರುದಿನವೂ ಅಷ್ಟೇ.

ಸೊಸೆ ಅಮೃತಾ ಪಿಯುಸಿ ಓದಿದವಳು. ತೊಡಕಿನ ಒತ್ತಕ್ಷರ ಬಂದರೆ ಅತ್ತೆ ಅವಳನ್ನೇ ಕೇಳುವುದು. ಒಂದು ಬೆಳಗ್ಗೆ ಹೆಸರುಕಾಳು ಆರಿಸುತ್ತ ಅವಳೇ ಕೇಳಿದಳು. "ಅತ್ತೀ, ಎಂಟು ದಿನಾತು, ಅದs ಹಾಳಿ ಐತಲ್ಲ. ಅಕ್ಷರ ತೊಡಕಾಗ್ಯಾವೇನು?"

"ಅಕ್ಷರ ತೊಡಕಿಲ್ಲವ್ವ" ಅಂದಳು ಗುರುಬಸಮ್ಮ.

ಅವತ್ತು ರೊಟ್ಟಿ ಎರಡು ಸೀದವು. ಮರುದಿನ ಪುಂಡಿಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ಮಗ ಪ್ರವೀಣಕುಮಾರ್ ಅವ್ವನಿಗೆ ಮತ್ತೆ ಜಡ್ಡು ಮರುಕಳಿಸಿತೇನೋ ಎಂದು ಹೆದರಿ, ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಅಂದ. ಗುರುಬಸಮ್ಮನ ಕನಸಿನಲ್ಲಿ ಅಣೆಕಟ್ಟಿನ ಹಿನ್ನೀರು ಬರತೊಡಗಿತ್ತು. ಹಂಪಸಾಗರದ ಆಚೆ ಹೊಳೆಯ ನೀರು ಮುಗಿಲಿನ ತನಕ ಹರಡಿಕೊಂಡಿರುತ್ತಿತ್ತು, ಅದರ ಮೇಲೆ ಹಾಲಿನಂಥ ಮಂಜು. ಮಂಜಿನೊಳಗೆ ಲಂಗ ತೊಟ್ಟ ಹುಡುಗಿಯೊಬ್ಬಳು ಮೊಣಕಾಲು ನೀರಿನಲ್ಲಿ ನಿಂತು ಅತ್ತೀ ಅಂತ ಕರೆಯುತ್ತಿದ್ದಳು. ದಡದಲ್ಲಿ ನಿಂತ ಗುರುಬಸಮ್ಮ ಓಗೊಡಲು ಬಾಯಿ ತೆರೆದರೆ ಮಂಜು ಬಾಯೊಳಗೆ ಬಂದು ತುಂಬಿಕೊಳ್ಳುತ್ತಿತ್ತು.

ಆ ಹುಡುಗಿ ಕೊಟ್ರಮ್ಮ. ಏಕಾಂತಪ್ಪನ ಅಕ್ಕನ ಮಗಳು. ಈಗ ಅವಳಿಗೆ ಮೂವತ್ತೈದು. ತಾಯಿ ತೀರಿಹೋದ ಮೇಲೆ ಹಂಪಸಾಗರದಲ್ಲಿ ಒಬ್ಬಳೇ ಇದ್ದಾಳೆ, ಅಂಗನವಾಡಿ ಟೀಚರು. ಮದುವೆಯಾಗಿಲ್ಲ. ಅದು ಯಾರ ಮಾತಿನಿಂದ ತಪ್ಪಿತು ಎಂಬುದು ಈ ಮನೆಯಲ್ಲಿ ಗುರುಬಸಮ್ಮ ಒಬ್ಬಳಿಗೇ ಗೊತ್ತಿತ್ತು.

ಹತ್ತನೆಯ ದಿನ ಅವಳು ಅದನ್ನು ಸೊಸೆಗೆ ಹೇಳಿದಳು. ಅಮೃತಾ ಹಿಟ್ಟು ನಾದಿಕೊಡುತ್ತಿದ್ದಳು, ಗುರುಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಮುಖ ನೋಡದೆ ಹೇಳುವುದಕ್ಕೆ ಅದು ಅನುಕೂಲವಾಗಿತ್ತು. ಹದಿನಾಲ್ಕು ವರ್ಷದ ಹಿಂದೆ ತೆಲಿಗಿಯ ಒಳ್ಳೆಯ ಮನೆತನದವರು ಕೊಟ್ರಮ್ಮನನ್ನು ನೋಡಿ ಒಪ್ಪಿದ್ದರು. ಹಂಪಸಾಗರದಿಂದ ಮರಳುವಾಗ, ಹುಡುಗಿಯ ಸೋದರಮಾವನ ಮನೆ ಅಂತ ಇಲ್ಲಿಗೆ ಚಹಾಕ್ಕೆ ಬಂದರು. ಏಕಾಂತಪ್ಪ ಅಂಗಡಿಯಲ್ಲಿದ್ದ. ಹುಡುಗನ ತಾಯಿ ಅಡುಗೆಮನೆಗೇ ಬಂದು, ಹುಡುಗಿ ಹೆಂಗ ಅದಾಳವ್ವ ಅಂತ ಕೇಳಿದಳು. ಆಗ ತವರಿನಲ್ಲಿ ಗುರುಬಸಮ್ಮನ ಕಡೆಯ ತಂಗಿ ಸುಕನ್ಯಾ ಬೆಳೆದು ನಿಂತಿದ್ದಳು. ಅಪ್ಪ ಹಾಸಿಗೆ ಹಿಡಿದಿದ್ದ. ಹೊಲ, ಬಾವಿ, ನೌಕರಿ ಮೂರೂ ಇದ್ದ ಆ ಹುಡುಗ ಒಂದೇ ಕ್ಷಣ ಅವಳ ಕಣ್ಣಿಗೆ ತಂಗಿಯ ಪಕ್ಕದಲ್ಲಿ ನಿಂತಂತೆ ಕಂಡ. ಚಹಾ ಸೋಸುತ್ತ ಅಂದಳು: ಹುಡುಗಿ ಬಂಗಾರದಂಥಾಕಿ, ಆಗೊಮ್ಮೆ ಈಗೊಮ್ಮೆ ಮೂರ್ಛೆ ಬರತೈತಿ, ಅಷ್ಟs.

ಕೊಟ್ರಮ್ಮನಿಗೆ ಹುಟ್ಟಿದಾಗಿನಿಂದ ಒಂದು ದಿನವೂ ಮೂರ್ಛೆ ಬಂದಿರಲಿಲ್ಲ.

ಸಂಬಂಧ ಮುರಿಯಿತು. ಎಂಟು ತಿಂಗಳಿಗೆ ಸುಕನ್ಯಾ ತೆಲಿಗಿಯ ಸೊಸೆಯಾದಳು. ಮಾತು ಮಾತ್ರ ಅಲ್ಲಿಗೆ ನಿಲ್ಲದೆ ಊರೂರು ತಿರುಗಿತು. ಆಮೇಲೆ ಕೊಟ್ರಮ್ಮನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಹೇಳಿದವರ ಹೆಸರನ್ನು ತೆಲಿಗಿಯವರು ಬಾಯಿಬಿಡಲಿಲ್ಲ. ಅದು ಯಾರು ಎಂದು ಏಕಾಂತಪ್ಪ ಹುಡುಕಾಡಿದಾಗ, ಅವತ್ತು ಬಾಗಿಲಲ್ಲಿ ಅವರ ಜೊತೆ ನಿಂತು ಮಾತಾಡಿದ್ದ ಮೊಸರು ಮಾರುವ ಓಬಮ್ಮನ ಮೇಲೆ ಅನುಮಾನ ಹೋಯಿತು. ಅವನು ಅವಳನ್ನು ನಡುಬೀದಿಯಲ್ಲಿ ನಿಲ್ಲಿಸಿ, ಮೊಸರಿನ ಗಡಿಗೆ ಒದ್ದು, ಬಾಯಿಗೆ ಬಂದಂತೆ ಬೈದ. ಗುರುಬಸಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಅಂದಿನಿಂದ ಓಬಮ್ಮ ಈ ಓಣಿ ಬಿಟ್ಟು ಸುತ್ತುಹಾಕಿ ಹೋಗುತ್ತಾಳೆ.

ಅಮೃತಾ ಹಿಟ್ಟಿನಿಂದ ಕೈ ತೆಗೆದಳು. "ಇದನ್ನ ಯಾರಿಗೂ ಹೇಳಬ್ಯಾಡ್ರಿ ಅತ್ತಿ" ಅಂದಳು. "ಸುಕನ್ಯಾ ಚಿಕ್ಕಮ್ಮರ ಸಂಸಾರ ಕದಡತೈತಿ. ಮಾವಾರು ಉರದು ಬೀಳ್ತಾರ. ದೇವರಿಗೆ ಹೇಳ್ಕೊಳ್ರಿ, ಸಾಕು."

"ದೇವರ ಮುಂದ ಕುಂತ್ರ ಆತ ಮೊದಲು ಅಕಿ ಕಡೆ ಹೋಗಿ ಬಾ ಅಂತಾನವ್ವ. ಐದು ವರ್ಷ ದಿನಾ ಎಲ್ಲಾರ ಹೆಸರು ಹೇಳೀನಿ. ಕೊಟ್ರಮ್ಮನ ಹೆಸರು ಒಂದು ದಿನ ಬಾಯಾಗ ಬಂದಿಲ್ಲ."

ಹೆಂಚಿನ ಮೇಲಿನ ರೊಟ್ಟಿಯನ್ನು ಸೊಸೆಯೇ ತಿರುವಿ ಹಾಕಿದಳು.

ಗಂಡನಿಗೆ ಹೇಳಿದ್ದು ಆ ಭಾನುವಾರ ಮಧ್ಯಾಹ್ನ, ಅವನು ಅಂಗಡಿಯಿಂದ ಉಣ್ಣಲು ಬಂದಾಗ. ಎರಡು ರೊಟ್ಟಿ ಮುಗಿಯುವ ತನಕ ಕಾದು, ಮೂರನೆಯದು ಬಡಿಸಿ, ತೆಲಿಗಿಯವರಿಗೆ ಆ ಮಾತು ಹೇಳಿದಾಕಿ ಓಬಮ್ಮ ಅಲ್ಲ, ನಾನು ಅಂದಳು. ಏಕಾಂತಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನು ಕೂಗಾಡಲಿಲ್ಲ. ಅವಳು ಅದಕ್ಕೆ ತಯಾರಾಗಿದ್ದಳು, ಇದಕ್ಕೆ ಆಗಿರಲಿಲ್ಲ.

"ನನ್ನಕ್ಕ ಇದs ಕೊರಗಿನ್ಯಾಗ ಸತ್ಲು" ಅಂದ. ತುತ್ತನ್ನು ತಾಟಿಗೆ ಹಾಕಿ, "ಹದಿನಾಲ್ಕು ವರ್ಷ ಆದಮ್ಯಾಲೆ ಹೇಳು ಅಂತ ನಿನ್ನ ಪುಸ್ತಕದಾಗ ಬರದಾರೇನು?"

"ಎಷ್ಟು ವರ್ಷ ಅಂತ ಬರದಿಲ್ರಿ. ಹೋಗು ಅಂತ ಅಷ್ಟs ಬರದೈತಿ."

ಅವನು ತಾಟಿನಲ್ಲೇ ಕೈ ತೊಳೆದು ಎದ್ದ. ಮರುದಿನದಿಂದ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಅಂಗಡಿಯ ಒಗ್ಗರಣೆ ಮಂಡಕ್ಕಿಯಲ್ಲೇ ಮೂರು ಹೊತ್ತು ಕಳೆದು, ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಪ್ರವೀಣಕುಮಾರನಿಗೆ ಅವ್ವನ ಮೇಲೆ ಬಂದ ಸಿಟ್ಟು ಬೇರೆ ತರಹದ್ದು. ಮಾಡಿದ್ದು ಮಾಡಿ ಮುಗಿದಿತ್ತು, ಆರಿದ ಬೂದಿ ಕೆದಕಿ ಮನೆಮಂದಿಗೆಲ್ಲ ಬೆಂಕಿ ತಾಗಿಸುವುದು ಯಾವ ಭಕ್ತಿ ಎಂದು ಕೇಳಿದ. ಗುರುಬಸಮ್ಮ ವಾದ ಮಾಡಲಿಲ್ಲ. ಏಕಾಂತಪ್ಪನ ಪಾಲಿನ ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟಳು. ಸಂಜೆ ಅವನ್ನೇ ತಾನು ಉಂಡಳು.

ಗುರುವಾರ ಬೆಳಗಿನ ಬಸ್ಸಿಗೆ ಅವಳು ಹಂಪಸಾಗರಕ್ಕೆ ಹೋದಳು. ನೀರಿನ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಹಿನ್ನೀರು ಕನಸಿನಲ್ಲಿ ಕಂಡಷ್ಟೇ ನಿಶ್ಶಬ್ದವಾಗಿ, ಬಿಸಿಲಿಗೂ ಮಂಜಿಗೂ ನಡುವಿನ ಬಣ್ಣದಲ್ಲಿ ಹರಡಿಕೊಂಡಿತ್ತು. ಬಿಳಿ ಹಕ್ಕಿಗಳು ಒಂದೊಂದೇ ಎದ್ದು, ಎಲ್ಲಿಗೂ ಹೋಗದೆ ಮತ್ತೆ ಅಲ್ಲೇ ಕೂರುತ್ತಿದ್ದವು. ತಾನು ಎಚ್ಚರವಾಗಿದ್ದಾಳೋ ಇಲ್ಲವೋ ಎಂದು ಅನುಮಾನವಾಗಿ ಗುರುಬಸಮ್ಮ ದಂಡೆಗೆ ಹೋಗಿ ನೀರಿಗೆ ಕೈ ಅದ್ದಿ ನೋಡಿದಳು. ತಣ್ಣಗಿತ್ತು. ಎದ್ದು ಅಂಗನವಾಡಿಯ ಕಡೆ ನಡೆದಳು.

ಕೊಟ್ರಮ್ಮ ಮಕ್ಕಳಿಗೆ ಉಪ್ಪಿಟ್ಟು ಹಾಕುತ್ತಿದ್ದಳು. ಅತ್ತೆಯನ್ನು ಕಂಡು, ಮಾವ ಚೊಲೋ ಅದಾನಿಲ್ಲೋ ಅಂತ ಗಾಬರಿಯಿಂದ ಕೇಳಿದಳು. ಚೊಲೋ ಅದಾನ ಅಂದ ಮೇಲೆ ಅವಳಿಗೂ ಒಂದು ತಟ್ಟೆ ಹಾಕಿಕೊಟ್ಟಳು. ಗುರುಬಸಮ್ಮ ಉಣ್ಣದೆ ತಟ್ಟೆ ಹಿಡಿದುಕೊಂಡೇ ಕೂತಳು. ಮಕ್ಕಳು ಹೊರಗೆ ಆಡಲು ಹೋದ ಮೇಲೆ ಹೇಳಿದಳು. ತಂಗಿಗಾಗಿ ಹೇಳಿದೆ ಎಂಬ ಮಾತನ್ನೂ ಸೇರಿಸಿದಳು. ಹೇಳುವಾಗ ಅದು ನೆಪದಂತೆ ಕೇಳಿಸಿತು. ನಿಲ್ಲಿಸಿದಳು.

ಕೊಟ್ರಮ್ಮ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಕೆಲಸ ನಿಲ್ಲಿಸಲಿಲ್ಲ.

"ಈ ನೌಕರಿಗೆ ಅರ್ಜಿ ಹಾಕಿದಾಗ ಯಾರೋ ತಕರಾರು ಬರದಿದ್ರು" ಅಂದಳು. "ಮೂರ್ಛಿ ಇದ್ದಾಕಿ ಕೈಯಾಗ ಮಕ್ಕಳನ್ನ ಹೆಂಗ ಕೊಡಾದು ಅಂತ. ಮೂರು ಸಲ ಡಾಕ್ಟರ ಕಡೆ ಹೋಗಿ ನನಗೇನೂ ಇಲ್ಲ ಅಂತ ಬರಸ್ಕೊಂಡು ಬಂದೆ. ಮದುವಿ ಮನ್ಯಾಗ ಕೂಸು ಎತ್ಕೊಂಡ್ರ ತಾಯಂದಿರು ಬಂದು ಇಸ್ಕೊಂತಿದ್ರು. ಬಿಡ್ತೀನಿ ಅಂತ ಹೆದರಿಕಿ. ಒಂದು ದಿನ ನನಗs ಅನಿಸ್ತು, ಖರೇನ ಬರತೈತೇನೋ, ನಾನs ಮರ್ತೀನೇನೋ ಅಂತ."

ಗುರುಬಸಮ್ಮ ಕೈ ಮುಗಿಯಹೋದಳು.

"ಕ್ಷಮಿಸು ಅನ್ನಬ್ಯಾಡ ಅತ್ತಿ. ನಿನ್ನ ದೇವರು ಹೋಗು ಅಂದ, ನೀ ಬಂದಿ. ನನಗ ಯಾ ದೇವರೂ ಏನೂ ಹೇಳಿಲ್ಲ. ನಿನ್ನ ಭಾರ ಇಳೀತು. ಇದನ್ನ ನಾ ಎಲ್ಲಿಡ್ಲಿ?" ತಟ್ಟೆಗಳನ್ನೆತ್ತಿಕೊಂಡು ಬಾಗಿಲ ತನಕ ಹೋಗಿ ತಿರುಗಿದಳು. "ಹನ್ನೆರಡೂವರೆಗೆ ಬಸ್ ಐತಿ."

ಮನೆಗೆ ಬಂದು ಮರುದಿನ ಬೆಳಗ್ಗೆ ಪುಸ್ತಕ ತೆರೆದಾಗ ಬೆರಳು ಇನ್ನೂ ಅದೇ ಸಾಲಿನಲ್ಲಿತ್ತು. ಹೋಗಿ ಬಂದಾಯಿತು, ಇನ್ನು ಮುಂದೆ ಓದಬಹುದೇ ಎಂದು ಅವಳಿಗೆ ತಿಳಿಯಲಿಲ್ಲ. ಹೋಗು ಅಂತ ಬರೆದಿತ್ತು, ಹೋದವರನ್ನು ಒಳಗೆ ಕರೆಯುತ್ತಾರೆ ಅಂತ ಬರೆದಿರಲಿಲ್ಲ. ಕಣ್ಣು ಮುಚ್ಚಿ ಕೂತಳು. ಮೊದಲ ಸಲ ಕೊಟ್ರಮ್ಮನ ಹೆಸರು ಬಾಯಿಗೆ ಬಂತು. ಅದರ ಬೆನ್ನಿಗೇ ಓಬಮ್ಮನ ಹೆಸರೂ ಬಂತು.

ಓಬಮ್ಮನ ಮನೆ ಊರಾಚೆಯ ಹಳ್ಳದ ದಂಡೆಯಲ್ಲಿ. ಗುರುಬಸಮ್ಮ ಹೋದಾಗ ಮುದುಕಿ ಎಮ್ಮೆ ಹಿಂಡುತ್ತಿದ್ದಳು. ಬಂದವಳು ಎಲ್ಲ ಹೇಳಿ ಮುಗಿಸುವ ತನಕ ಕೆಚ್ಚಲು ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಿನ್ನ ಗಂಡ ಮೊನ್ನಿ ಬಂದಿದ್ದ" ಅಂದಳು ಆಮೇಲೆ. "ಆ ಕಟ್ಟಿ ಮ್ಯಾಲೆ ಒಂದು ತಾಸು ಕುಂತ. ಎಮ್ಮಿ ಎಷ್ಟು ಹಾಲು ಕೊಡತೈತಿ ಅಂದ. ಎರಡು ಲೀಟರ್ ಹಾಲು ಒಯ್ದ. ಪಾತ್ರಿ ಸೈತ ತಂದಿರ್ಲಿಲ್ಲ, ನನ್ನ ತಂಬಿಗಿನs ಒಯ್ದ. ಅಷ್ಟರಾಗ ನಾ ತಿಳಕೊಂಡೆ, ಏನೋ ಗೊತ್ತಾಗೈತಿ ಇವಗ ಅಂತ."

ಗುರುಬಸಮ್ಮ ಅವಳ ಎದುರು ನೆಲದ ಮೇಲೆ ಕೂತಳು.

"ನನ್ನ ಬೈದಿದ್ದು ಓಣ್ಯಾಗ" ಅಂದಳು ಓಬಮ್ಮ, ನಿಧಾನವಾಗಿ. "ಇಲ್ಲಿ ಎಮ್ಮಿ ಮುಂದ ಹೇಳಿದ್ರ ಎಮ್ಮಿಗಷ್ಟs ತಿಳೀತೈತಿ."

ಆ ಸಂಜೆ ಗುರುಬಸಮ್ಮ ಅಂಗಡಿಗೆ ಹೋಗಿ, ಗಿರಾಕಿ ಇಲ್ಲದ ಹೊತ್ತು ನೋಡಿ, ಓಬಮ್ಮನ ಮಾತನ್ನು ಗಂಡನಿಗೆ ತಿಳಿಸಿದಳು. ಅವನು ಕಾದ ಎಣ್ಣೆಯಲ್ಲಿ ಮಿರ್ಚಿ ಬಿಡುತ್ತಲೇ ಕೇಳಿದ. ಗಡಿಗೆ ಒದ್ದ ಕಾಲು ನನ್ನದು ಅಂದ. ಓಣಿಗೆ ಮೊಸರು ತರುವಂತೆ ಓಬಮ್ಮನಿಗೆ ಹೇಳಿಕಳಿಸಿದ. ಸೋಮವಾರ ಬೆಳಗ್ಗೆ ಓಬಮ್ಮ ಹದಿನಾಲ್ಕು ವರ್ಷದ ಮೇಲೆ ಆ ಓಣಿಯಲ್ಲಿ ಮೊಸರಿನ ಗಡಿಗೆ ಹೊತ್ತು ಬಂದಳು. ಏಕಾಂತಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮುಂಚೆಯೇ ಅಂಗಳಕ್ಕೆ ಇಳಿದು ಗಡಿಗೆಗೆ ಕೈ ಕೊಟ್ಟು ಇಳಿಸಿಕೊಂಡ. ನೀರು ಹಿಡಿಯುತ್ತಿದ್ದ ಹೆಂಗಸರ ಎದುರಿಗೆ, ಅವತ್ತು ನಾನು ಬೈದದ್ದು ಸುಳ್ಳು, ಈ ತಾಯಿ ಏನೂ ಅಂದಿರಲಿಲ್ಲ ಅಂದ. ಅಂದವಳು ನಾನು ಎಂದು ಗುರುಬಸಮ್ಮ ಅವನ ಪಕ್ಕ ನಿಂತು ಹೇಳಿದಳು. ನಳದ ನೀರು ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ನಿಲ್ಲಿಸಲಿಲ್ಲ. ಅವತ್ತು ಮಧ್ಯಾಹ್ನ ಏಕಾಂತಪ್ಪ ಮನೆಗೆ ಉಣ್ಣಲು ಬಂದ. ಬಂದು, ಮೊಸರು ಹಾಕು ಅಂದ. ಆ ವಾರದಲ್ಲಿ ಅವನು ಹೆಂಡತಿಗೆ ಆಡಿದ್ದು ಅದೊಂದೇ ಮಾತು.

ಸತ್ಯ ಹೇಳಿದ್ದಕ್ಕೆ ಬೆಲೆ ಬೇರೆ ಬೇರೆ ಕಡೆ ತೆರಬೇಕಾಯಿತು. ಓಣಿಯ ಹೆಂಗಸರು ನಳದ ಹತ್ತಿರ ಅವಳು ಬಂದರೆ ಮಾತು ನಿಲ್ಲಿಸತೊಡಗಿದರು. ಸುಕನ್ಯಾ ತೆಲಿಗಿಯಿಂದ ಬಂದು, ಬೇರೆಯವರ ತಾಟಿನ್ಯಾಗಿನ ಅನ್ನ ಕಸದು ನನಗ ಉಣ್ಣಾಕಿಟ್ಟಿ ಅಕ್ಕಾ, ಹದಿನಾಲ್ಕು ವರ್ಷ ನಾ ರುಚಿ ಅಂತ ಉಂಡೆ ಎಂದು ಅತ್ತು, ಊಟಕ್ಕೆ ನಿಲ್ಲದೆ ಹೋದಳು. ಗುರುಬಸಮ್ಮ ಬಸ್ಸಿನ ತನಕ ಹಿಂದೆ ಹಿಂದೆ ಹೋದಳು. ಕಿಟಕಿಯಲ್ಲಿ ತಂಗಿಯ ಮುಖ ಈ ಕಡೆ ತಿರುಗಲಿಲ್ಲ. ಬಸ್ ಎಬ್ಬಿಸಿದ ಧೂಳು ಬಿಸಿಲಿನಲ್ಲಿ ಬಹಳ ಹೊತ್ತು ಹಾಗೇ ತೂಗುತ್ತಿತ್ತು. ಅದರೊಳಗೆ ನಿಂತು, ದೇವರೇ, ನೀನು ಹೇಳಿದಂತೆಯೇ ಮಾಡಿದೆನಲ್ಲ, ಯಾಕೆ ಎಲ್ಲ ಬಾಗಿಲುಗಳೂ ಹಾಕಿಕೊಳ್ಳುತ್ತಿವೆ ಎಂದು ಅವಳು ಕೇಳಿಕೊಂಡಳು. ಆದರೂ ಮರುದಿನ ಬೆಳಗ್ಗೆ ಪುಸ್ತಕ ತೆರೆದು ಕೂತಳು. ಹಿಟ್ಟು ನಾದುವಾಗ ಹೇಳುವ ಹೆಸರುಗಳು ಈಗ ಹೆಚ್ಚಾಗಿದ್ದವು.

ಯುಗಾದಿ ಕಳೆದು ಹತ್ತು ದಿನಕ್ಕೆ ಅಂಚೆಯವನು ಒಂದು ಕಾಗದ ತಂದುಕೊಟ್ಟ. ಓದಲು ಅಮೃತಾ ಕೈ ಚಾಚಿದಳು. ಗುರುಬಸಮ್ಮ ಕೊಡದೆ, ಹೊಸಿಲ ಮೇಲೆ ಕೂತು ಬೆರಳಿಟ್ಟು ತಾನೇ ಓದಿದಳು. ಕೊಟ್ರಮ್ಮನ ಅಕ್ಷರಗಳು ದುಂಡಗಿದ್ದವು, ಮಕ್ಕಳಿಗೆ ಬರೆದುಕೊಟ್ಟ ಹಾಗೆ. ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಕೆಟ್ಟದ್ದಲ್ಲ ಅಂದಿದ್ದಾರೆ, ಮುಂದಿನ ಮಂಗಳವಾರ ಹೊಸಪೇಟೆಯಲ್ಲಿ ಆಪರೇಷನ್. ಆಮೇಲೆ ಹದಿನೈದು ದಿನ ಬಗ್ಗಬಾರದು, ಭಾರ ಎತ್ತಬಾರದು. ನೋಡಿಕೊಳ್ಳಲು ಒಬ್ಬರು ಬೇಕು. ನೀನು ಬಾ. ಅಷ್ಟೇ ಇತ್ತು. ಅತ್ತೆ ಎಂದು ಎಲ್ಲೂ ಬರೆದಿರಲಿಲ್ಲ.

ಪ್ರವೀಣಕುಮಾರ್ ಇದು ಸೇಡು ಅಂದ. ಆಳಿನಂತೆ ದುಡಿಸಿಕೊಳ್ಳಲು ಕರೆದಿದ್ದಾಳೆ, ಜಡ್ಡಿನಿಂದ ಎದ್ದವಳು ಹೋಗಬೇಡ ಅಂದ. ಏಕಾಂತಪ್ಪ ಅಂಗಿ ತೊಡುತ್ತ ಕೇಳಿಸಿಕೊಂಡವನು, ಹೆಂಡತಿಯ ಕಡೆ ನೋಡಿ, "ಹೋಗು. ಇಲ್ಲಿ ನಮ್ಮ ಊಟ ನಡೀತೈತಿ" ಅಂದ.

ಆಸ್ಪತ್ರೆಯಲ್ಲಿ ನಾಲ್ಕು ದಿನ, ಹಂಪಸಾಗರದ ಮನೆಯಲ್ಲಿ ಉಳಿದ ದಿನಗಳು. ಗುರುಬಸಮ್ಮ ಗಂಜಿ ಕಾಯಿಸಿದಳು, ಬಟ್ಟೆ ಒಗೆದಳು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದಳು, ಸಿಕ್ಕುಗಟ್ಟಿದ ಕೂದಲು ಬಿಡಿಸಿ ಹೆಣೆದಳು. ಕೊಟ್ರಮ್ಮ ಬೇಕು, ಸಾಕು, ಬಿಸಿ, ತಣ್ಣಗ ಎಂಬಷ್ಟು ಮಾತ್ರ ಮಾತಾಡಿದಳು. ಬೆಳಗಿನ ಹೊತ್ತು ಗುರುಬಸಮ್ಮ ಹಿತ್ತಲ ಬಾಗಿಲಲ್ಲಿ ಕೂತು ಓದುವಾಗ ಎದುರಿಗೆ ಹಿನ್ನೀರು ಕಾಣುತ್ತಿತ್ತು. ಬೇಸಿಗೆಗೆ ನೀರು ದಿನದಿನಕ್ಕೆ ಹಿಂದೆ ಸರಿದು, ತೇವದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತಿತ್ತು. ಒಂದು ದಿನ ಒಳಗಿನಿಂದ, ಗಟ್ಟಿಯಾಗಿ ಓದು, ನಿದ್ದಿ ಹತ್ತವಲ್ದು ಎಂಬ ದನಿ ಬಂತು. ಗುರುಬಸಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಎಲ್ಲಿಗೆ ಬಂದಿದ್ದಾಳೆ ಎಂದು ಅವಳೇ ಗಮನಿಸಲಿಲ್ಲ. ಆ ಸಾಲು ಹಿಂದೆ ಉಳಿದು ಎಷ್ಟೋ ದಿನವಾಗಿತ್ತು.

ಹದಿನಾಲ್ಕನೆಯ ದಿನ ಮಧ್ಯಾಹ್ನ ಕೊಟ್ರಮ್ಮ ಗೋಡೆಗೆ ಒರಗಿ ಕೂತು ಅನ್ನ-ಸಾರು ಉಣ್ಣುತ್ತಿದ್ದಳು. ತಲೆ ಎತ್ತದೆ ಕೇಳಿದಳು. "ಆತ ಹೆಂಗದಾನ?"

ಯಾರು ಎಂದು ಗುರುಬಸಮ್ಮ ಕೇಳಬೇಕಿರಲಿಲ್ಲ, ತೆಲಿಗಿಯ ಆ ಹುಡುಗ, ಈಗ ಸುಕನ್ಯಾಳ ಗಂಡ. ಹೇಗೆ ಹೇಳಬೇಕೆಂದು ಯೋಚಿಸಿದಳು. ಇನ್ನು ಸುಳ್ಳು ಸಾಕಾಗಿತ್ತು.

"ತಲಿ ಬೋಳಾಗೈತಿ" ಅಂದಳು. "ಹೊಟ್ಟಿ ಮುಂದ ಬಂದೈತಿ. ಗೊರಕಿ ಹೊಡದ್ರ ಮಗ್ಗಲು ಮನಿಯವ್ರು ಬಂದು ಬಾಗ್ಲ ಬಡೀತಾರಂತ. ಬಸ್ಸಿನ್ಯಾಗ ಕುಂತ್ರ ಟಿಕೆಟ್ ತಗಸೋದಕ್ಕಿಂತ ಮೊದಲs ನಿದ್ದಿ. ಹೋದ ವರ್ಷ ಹರಪನಹಳ್ಳಿಗೆ ಹೊಂಟಾತ ಹೊಸಪೇಟಿಗೆ ಹೋಗಿ ಎದ್ದಾನ."

ಕೊಟ್ರಮ್ಮನ ಬಾಯಲ್ಲಿ ಅನ್ನ ಇತ್ತು. ಅವಳು ಮೊದಲು ಕೆಮ್ಮಿದಳು, ಆಮೇಲೆ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದು ಗುರುಬಸಮ್ಮ ಗಾಬರಿಯಿಂದ ಎದ್ದಳು. ಕೊಟ್ರಮ್ಮ ನಗುತ್ತಿದ್ದಳು. ಒಂದು ಕೈಯಿಂದ ಹೊಟ್ಟೆ ಅದುಮಿ ಹಿಡಿದು, ಹೊಲಿಗೆ ನೋಯ್ತಾವ, ನಗಸಬ್ಯಾಡ ಎನ್ನುತ್ತ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ನಿಂತ ಮೇಲೂ ನೀರು ಬರುತ್ತಲೇ ಇತ್ತು. ಗುರುಬಸಮ್ಮ ಸೆರಗಿನಿಂದ ಒರೆಸಿದಳು. ಆ ಕೈಯನ್ನು ಕೊಟ್ರಮ್ಮ ತಳ್ಳಲಿಲ್ಲ.

ಮರುದಿನ ಬೆಳಗ್ಗೆ ಗುರುಬಸಮ್ಮ ಹಗ್ಗದ ಮೇಲಿನ ಎರಡು ಸೀರೆ ಮಡಿಸಿ ಚೀಲದಲ್ಲಿ ಇಟ್ಟುಕೊಂಡಳು. ಹದಿನೈದು ದಿನ ಮುಗಿದಿತ್ತು. ಕೊಟ್ರಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೀರಿನ ಕಡೆ ನೋಡುತ್ತಿದ್ದಳು.

"ನಿನ್ನ ಕ್ಷಮಿಸೀನೋ ಇಲ್ಲೋ ನನಗs ತಿಳೀವಲ್ದು ಅತ್ತಿ" ಅಂದಳು, ತಿರುಗದೆ. "ಇವತ್ತ ಹೋಗಬ್ಯಾಡ. ಇನ್ನೆರಡು ದಿನ ಇದ್ದು ಹೋಗು."

ಗುರುಬಸಮ್ಮ ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿ, ಒಲೆ ಹೊತ್ತಿಸಲು ಒಳಗೆ ಹೋದಳು.